ಗಾಲ್ಫ್‌ಗೆ ಮರಳುವವರೇ, ಪರದೆ ಮೇಲಿನ ಯಾರ್ಡ್ ನೋಡಿ ಐರನ್ ಸೆಟ್ ಕೊಳ್ಳಬೇಡಿ

ಪುಣೆಯಲ್ಲಿರುವ ನಮ್ಮ ಕನ್ನಡದವರಲ್ಲಿ ಐವತ್ತರ ಆಸುಪಾಸಿಗೆ ಬಂದು ಮತ್ತೆ ಗಾಲ್ಫ್ ಹಿಡಿದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಮಕ್ಕಳು ದೊಡ್ಡವರಾಗಿದ್ದಾರೆ, ಶನಿವಾರದ ಬೆಳಿಗ್ಗೆ ಕೈಗೆ ಸಿಗುತ್ತದೆ, ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಹಿಂದೆ ಆಡಿದ ನೆನಪು ಇನ್ನೂ ಕೈಯಲ್ಲಿದೆ. ಇಂಥವರನ್ನೇ ಕಾಯುತ್ತ ಕೂತ ವ್ಯಾಪಾರವೂ ಇದೆ. ನಾನು ಐರನ್ ಸೆಟ್ (ಲೋಹದ ತಲೆಯ ಗಾಲ್ಫ್ ಕೋಲುಗಳ, ಅಂದರೆ ಕ್ಲಬ್ಬುಗಳ ಸೆಟ್) ಕೊಂಡ ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಅವರು ಏನು ಮಾಡಿದರು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಈ ಆಟ ಬೇರೆ ಕಡೆ ನಡೆದರೂ ನಿಮಗೆ ಗುರುತು ಸಿಗಬೇಕು, ಅಷ್ಟೇ.

ನನ್ನ ಹಳೆಯ ಸೆಟ್ ತೊಂಬತ್ತರ ದಶಕದ್ದು. ತೆಳು ತಲೆಯ ಫೋರ್ಜ್ಡ್ (ಬಡಿದು ಮಾಡಿದ) ಬ್ಲೇಡ್, ಡೈನಾಮಿಕ್ ಗೋಲ್ಡ್ ಎಸ್300 ಎಂಬ ಸ್ಟೀಲ್ ಶಾಫ್ಟ್, ಅಂದರೆ ಕೋಲಿನ ದಂಡ. ಆ ಶಾಫ್ಟ್ ಕತ್ತರಿಸುವ ಮೊದಲು ಒಂದೊಂದೂ ಸುಮಾರು 130 ಗ್ರಾಂ ತೂಗುತ್ತದೆ. ಮೂವತ್ತರಲ್ಲಿ ಅದನ್ನು ಬೀಸುವುದೇ ಒಂದು ಜಂಬ. ಈಗ ಸೊಂಟ ಒಪ್ಪುವುದಿಲ್ಲ. ಧಾರವಾಡದ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದರಿಂದ ಗ್ರಿಪ್ ಒಣಗಿ ಜಾರುತ್ತಿತ್ತು. ಕಬ್ಬಿಣಕ್ಕೆ ಮಾತ್ರ ಏನೂ ಆಗಿರಲಿಲ್ಲ. ಹಗುರ ಶಾಫ್ಟ್, ಸ್ವಲ್ಪ ಅಗಲ ತಳ, ತಪ್ಪಿ ಹೊಡೆದರೂ ಕ್ಷಮಿಸುವ ತಲೆ, ಇಷ್ಟಿರುವ ಸೆಟ್ ಬೇಕು ಎಂದು ಅಂಗಡಿಗೆ ಹೋದೆ.

ಮೊದಲು ಹೆದರಿಸಿದರು. 'ಸರ್, ನಿಮ್ಮ ಹಳೆಯ ಕ್ಲಬ್ಬಿನ ಗ್ರೂವ್ ಬ್ಯಾನ್ ಆಗಿದೆ, ಕೋರ್ಸ್‌ನಲ್ಲಿ ಬಿಡುವುದಿಲ್ಲ.' ಇದು ಶುದ್ಧ ಸುಳ್ಳು. ಗ್ರೂವ್ ಅಂದರೆ ಕ್ಲಬ್ಬಿನ ಮುಖದ ಮೇಲಿನ ಗೀರುಗಳು. 2010ರ ಜನವರಿಯಿಂದ ಗ್ರೂವ್ ನಿಯಮ ಬದಲಾಗಿದ್ದು ನಿಜ. ಆದರೆ ಅದು ಆ ದಿನದಿಂದ ತಯಾರಾಗುವ ಕ್ಲಬ್ಬುಗಳಿಗೆ. ಅದಕ್ಕೂ ಹಿಂದಿನ ಕ್ಲಬ್ಬುಗಳಿಗೆ ತಡೆ ಇರುವುದು, ಸ್ಥಳೀಯ ನಿಯಮ ಹಾಕಿಕೊಂಡ ದೊಡ್ಡ ಮಟ್ಟದ ಟೂರ್ನಿಗಳಲ್ಲಿ. ಶನಿವಾರ ನಾಲ್ಕು ಜನ ಸೇರಿ ಆಡುವ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ತಮಾಷೆ ಅಂದರೆ, ಅದೇ 2010ರಲ್ಲಿ ಅಮೆರಿಕದ ಹೆಸರಾಂತ ಆಟಗಾರ ಫಿಲ್ ಮಿಕಲ್ಸನ್ ಅಲ್ಲಿನ ವೃತ್ತಿಪರರ ಪಿಜಿಎ ಟೂರ್‌ನಲ್ಲೇ ಹಳೆಯ ಪಿಂಗ್ ಐ 2 ವೆಜ್ (ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್) ಹಿಡಿದು ಆಡಿದ. ದೊಡ್ಡ ಗಲಾಟೆಯಾಯಿತು. ಆದರೆ ಆಗ ಅದು ನಿಯಮದ ಒಳಗೇ ಇತ್ತು, 1990ರ ಒಂದು ಒಪ್ಪಂದದಿಂದಾಗಿ. ಆದ್ದರಿಂದ 'ಬ್ಯಾನ್' ಎಂಬ ಮಾತು ಬಂದರೆ, ಮುಂದೆ ಬರುವ ಮಾತುಗಳನ್ನೂ ಅನುಮಾನದಿಂದಲೇ ಕೇಳಿಸಿಕೊಳ್ಳಿ.

ಆಮೇಲೆ ಸಿಮ್ಯುಲೇಟರ್. ಎಸಿ ಕೋಣೆ, ಹಸಿರು ಮ್ಯಾಟ್, ಎದುರಿಗೆ ದೊಡ್ಡ ಪರದೆ. ಕೈಗೆ ಒಂದು ಸೆಟ್ ಕೊಟ್ಟರು: 5ರಿಂದ ಪಿಚಿಂಗ್ ವೆಜ್‌ವರೆಗೆ, ದೊಡ್ಡ ಕಂಪನಿಯದು, 'ಸಿಂಗಲ್ ಓನರ್ ಸರ್, ಫಾರಿನ್‌ಗೆ ಹೋದರು, ಹೊಸದರ ಹಾಗೇ ಇದೆ'. ಏಳು ನಂಬರ್ ಐರನ್ ಬೀಸಿದೆ. 165 ಯಾರ್ಡ್. ಇನ್ನೊಂದು, 168. ಪಕ್ಕದಲ್ಲಿ ನಿಂತ ಹುಡುಗ ಚಪ್ಪಾಳೆ ತಟ್ಟಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಚೆಂಡಿನ ಹಾರಾಟ ಅಳೆಯುವ ಯಂತ್ರ ಮಾಡುವ ಟ್ರ್ಯಾಕ್‌ಮ್ಯಾನ್ ಕಂಪನಿ ಹಿಂದೆ ಬಿಟ್ಟ ಪಟ್ಟಿಯಲ್ಲಿ ಪಿಜಿಎ ಟೂರ್ ಆಟಗಾರರ ಏಳು ನಂಬರ್ ಐರನ್‌ನ ಸರಾಸರಿ ಕ್ಯಾರಿ (ಚೆಂಡು ನೆಲಕ್ಕೆ ಬೀಳುವವರೆಗಿನ ದೂರ) 172 ಯಾರ್ಡ್, ಎಲ್‌ಪಿಜಿಎ ಆಟಗಾರ್ತಿಯರದು 141. ನನ್ನ ಒಳ್ಳೆಯ ಕಾಲದಲ್ಲೇ ಏಳು ನಂಬರ್ 140ರ ಹತ್ತಿರ ಬೀಳುತ್ತಿತ್ತು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಬಂದ ಮನುಷ್ಯ ಸುಮ್ನೆ ಇಪ್ಪತ್ತೈದು ಯಾರ್ಡ್ ಗಳಿಸುತ್ತಾನಾ? ಇದನ್ನೇ ನೇರವಾಗಿ ಕೇಳಿದೆ. 'ಲಾಫ್ಟ್ ಎಷ್ಟು?' (ಲಾಫ್ಟ್ ಅಂದರೆ ಕ್ಲಬ್ ಮುಖದ ಓರೆ; ಅದು ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ, ದೂರ ಹೋಗುತ್ತದೆ.) 'ಸ್ಟ್ಯಾಂಡರ್ಡ್ ಲಾಫ್ಟ್ ಸರ್.' 'ಸ್ಟ್ಯಾಂಡರ್ಡ್ ಅಂದರೆ ಎಷ್ಟು ಡಿಗ್ರಿ?' 'ಕಂಪನಿ ಸ್ಟ್ಯಾಂಡರ್ಡ್ ಸರ್, ಅದೇ ಬರುತ್ತೆ.' ಎರಡು ಬೇರೆ ಜನರನ್ನು ಕೇಳಿದರೂ ಇದೇ ಉತ್ತರ.

ಗಾಲ್ಫ್‌ನಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಆದ ಸ್ಟ್ಯಾಂಡರ್ಡ್ ಲಾಫ್ಟ್ ಎಂಬುದೇ ಇಲ್ಲ. ಹಳೆಯ ಬ್ಲೇಡ್‌ಗಳಲ್ಲಿ ಏಳು ನಂಬರ್ 35–36 ಡಿಗ್ರಿ ಇರುತ್ತಿತ್ತು. ಈಗಿನ ದೊಡ್ಡ ತಲೆಯ ಐರನ್‌ಗಳಲ್ಲಿ ಅದೇ ನಂಬರ್ 28–30. ಅಂದರೆ ಇಂದಿನ ಏಳು, ನಮ್ಮ ಕಾಲದ ಐದೂವರೆ. ಇದಿಷ್ಟೇ ಆದರೆ ಮೋಸ ಅನ್ನಲಾರೆ. ಹೊಸ ತಲೆಗಳಲ್ಲಿ ಭಾರ ಕೆಳಗೆ, ಹಿಂದಕ್ಕೆ ಇರುತ್ತದೆ, ಮುಖ ತೆಳುವಾಗಿರುತ್ತದೆ. ಚೆಂಡು ತಾನಾಗಿ ಮೇಲೇಳುವುದರಿಂದ ಲಾಫ್ಟ್ ಇಳಿಸುತ್ತಾರೆ. ತೊಂದರೆ ನಮ್ಮಂಥ ನಿಧಾನ ಸ್ವಿಂಗ್‌ನವರಿಗೆ. ವೇಗ ಸಾಲದಿದ್ದರೆ ಚೆಂಡು ಸಾಕಷ್ಟು ಎತ್ತರಕ್ಕೆ ಹೋಗುವುದಿಲ್ಲ, ತಿರುಗುವುದೂ ಕಡಿಮೆ, ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ಬಿದ್ದದ್ದು ನಿಲ್ಲದೆ ಮುಂದಕ್ಕೆ ಉರುಳಿ ಹೋಗುತ್ತದೆ. ಪರದೆಯಲ್ಲಿ ಯಾರ್ಡ್ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಚೆಂಡು ಎಷ್ಟು ಕಡಿದಾಗಿ ಇಳಿಯಿತು ಅನ್ನುವುದು ಮೂಲೆಯಲ್ಲಿ ಸಣ್ಣದಾಗಿ. ಕೇಳಿ ನೋಡಿ: ಲ್ಯಾಂಡಿಂಗ್ ಆ್ಯಂಗಲ್ 45 ಡಿಗ್ರಿಯ ಹತ್ತಿರ ಬರುತ್ತಿದೆಯಾ? ಬರದಿದ್ದರೆ ಆ ಯಾರ್ಡ್ ಗ್ರೀನ್ ಮೇಲೆ ಉಪಯೋಗಕ್ಕಿಲ್ಲ.

ಮೋಸ ಇದ್ದದ್ದು ಬೇರೆ ಕಡೆ. ಜೊತೆಗೆ ಬಂದಿದ್ದ ಗೆಳೆಯ ಸಾಫ್ಟ್‌ವೇರ್ ಮನುಷ್ಯ, ಸೆಟ್ಟಿಂಗ್ಸ್ ತೆರೆಯದೆ ಅವನಿಗೆ ಸಮಾಧಾನವಿಲ್ಲ. ಸೆಟ್ ಕೊಂಡ ಮೇಲೆ ಇನ್ನೊಮ್ಮೆ ಆ ಅಂಗಡಿಗೆ ಹೋದಾಗ ನೋಡಿದ. ಆ ಜಾಗ ಸಮುದ್ರಮಟ್ಟದಿಂದ 5000 ಅಡಿಗೂ ಮೇಲಿದೆ ಎಂದು ಯಂತ್ರದಲ್ಲಿ ಹಾಕಿತ್ತು. ಪುಣೆ ಇರುವುದು ಸುಮಾರು 560 ಮೀಟರ್‌ನಲ್ಲಿ, ಅಂದರೆ 1800 ಅಡಿಯ ಸುತ್ತಮುತ್ತ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಚೆಂಡು ದೂರ. ಯಂತ್ರ ಸುಳ್ಳು ಹೇಳಿರಲಿಲ್ಲ, ಪಾಪ, ಬೆಟ್ಟದ ಮೇಲೆ ಆಡುತ್ತಿದ್ದೇನೆ ಎಂದು ತಿಳಿದು ಲೆಕ್ಕ ಕೊಟ್ಟಿತ್ತು. ಹುಡುಗನನ್ನು ಕೇಳಿದರೆ 'ಡಿಫಾಲ್ಟ್ ಸರ್' ಅಂದ. ಮ್ಯಾಟ್‌ನ ವಿಷಯವೂ ಇದೆ. ಚೆಂಡಿನ ಹಿಂದೆ ನೆಲಕ್ಕೆ ಬಡಿದರೆ ಹುಲ್ಲಿನಲ್ಲಿ ಕ್ಲಬ್ ಅಲ್ಲೇ ಹೂತುಕೊಳ್ಳುತ್ತದೆ. ಮ್ಯಾಟ್ ಮೇಲೆ ಜಾರಿ ಹೋಗಿ ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಆಟಕ್ಕೆ ಮರಳುವವರು ಜಾಸ್ತಿ ಮಾಡುವ ತಪ್ಪೇ ಇದು, ಅದನ್ನೇ ಮ್ಯಾಟ್ ಮುಚ್ಚಿಡುತ್ತದೆ.

ಯರವಾಡದಲ್ಲಿರುವ ಪೂನಾ ಕ್ಲಬ್ ಕೋರ್ಸ್‌ನಲ್ಲಿ ಅತಿಥಿಯಾಗಿ ಆಡಲು ಹೋದಾಗ ವಿಷಯ ಹೊರಬಿತ್ತು. ಕ್ಯಾಡಿ ವಿಜಯಪುರದ ಕಡೆಯವನು. ನನ್ನ ಮಾತು ಕೇಳಿದ್ದೇ ಕನ್ನಡಕ್ಕೆ ಇಳಿದ. ಒಂಬತ್ತು ಹೋಲ್ ಮುಗಿಯುವ ಮೊದಲೇ ಬ್ಯಾಗ್ ಕೆಳಗಿಟ್ಟು ಹೇಳಿದ: 'ಎಂಟೂ ಒಂಬತ್ತೂ ಒಂದ ಕಡೆ ಬೀಳಾಕತ್ತಾವಲ್ರಿ ಸಾಹೇಬ್ರ. ಕೈ ನಿಮ್ಮದು ಸರಿ ಐತಿ, ಕೋಲು ನೋಡಿಸ್ರಿ.' ಲಕ್ಷದ ಲೆಕ್ಕದ ಯಂತ್ರ ಹೇಳದ್ದನ್ನು ಅವನು ಕಣ್ಣಳತೆಯಲ್ಲಿ ಹೇಳಿದ. ನೂರು ಯಾರ್ಡ್ ಉಳಿದಾಗಲೆಲ್ಲ ಕೈಯಲ್ಲಿ ಸರಿಯಾದ ಕ್ಲಬ್ ಇಲ್ಲ ಎಂಬುದೂ ಅಂದೇ ಕಂಡಿತು. ಪಿಚಿಂಗ್ ವೆಜ್ 43 ಡಿಗ್ರಿ, ಬ್ಯಾಗ್‌ನಲ್ಲಿದ್ದ ಹಳೆಯ ಸ್ಯಾಂಡ್ ವೆಜ್ 56. ಎರಡು ಕ್ಲಬ್ ನಡುವೆ ನಾಲ್ಕೈದು ಡಿಗ್ರಿ ಇರಬೇಕಾದ ಕಡೆ ಹದಿಮೂರು. ಈ ಸೆಟ್ ಜೊತೆಗೆ ಇನ್ನೂ ಎರಡು ವೆಜ್ ಕೊಳ್ಳಬೇಕು ಎಂದು ಅಂಗಡಿಯವರು ಬಾಯಿ ಬಿಟ್ಟಿರಲಿಲ್ಲ. 'ಅಗ್ಗದ ಸೆಟ್' ಅಲ್ಲಿಗೇ ಅಗ್ಗವಾಗಿ ಉಳಿಯಲಿಲ್ಲ.

ಕ್ಲಬ್ ರಿಪೇರಿ ಮಾಡುವ ಒಬ್ಬರ ಹತ್ತಿರ ಲಾಫ್ಟ್ ಮತ್ತು ಲೈ (ಶಾಫ್ಟ್ ನೆಲಕ್ಕೆ ನಿಲ್ಲುವ ಕೋನ) ಅಳೆಯುವ ಯಂತ್ರ ಇತ್ತು. ಒಂದೊಂದಾಗಿ ಹಾಕಿದರು. ಎಂಟು ನಂಬರ್ 34 ಡಿಗ್ರಿ. ಒಂಬತ್ತು 36. ಪಿಚಿಂಗ್ ವೆಜ್ 43. ಎಂಟಕ್ಕೂ ಒಂಬತ್ತಕ್ಕೂ ಎರಡೇ ಡಿಗ್ರಿ, ಒಂಬತ್ತಕ್ಕೂ ವೆಜ್‌ಗೂ ಏಳು. ಒಂಬತ್ತನ್ನು ಯಾರೋ ಬಗ್ಗಿಸಿದ್ದಾರೆ. ಆರು ನಂಬರ್‌ನ ಗ್ರಿಪ್ ಬಿಚ್ಚಿದರೆ ಒಳಗೆ ಶಾಫ್ಟ್ ಉದ್ದ ಮಾಡಲು ತುಂಡು ಸೇರಿಸಿತ್ತು. ಆರು ಮತ್ತು ಒಂಬತ್ತರ ಶಾಫ್ಟ್ ಬೇರೆಯೇ ಕಂಪನಿಯದು, ಬೇರೆಯೇ ತೂಕದ್ದು, ಮೇಲೆ ಮಾತ್ರ ಉಳಿದವುಗಳ ಹಾಗೆ 'ರೆಗ್ಯುಲರ್' ಎಂಬ ಸ್ಟಿಕ್ಕರ್. ಎರಡು ಸೆಟ್ ಒಡೆದು ಒಂದು ಕಟ್ಟಿದ್ದರು. ಆ ಸಿಂಗಲ್ ಓನರ್ ಫಾರಿನ್‌ಗೆ ಹೋದನೋ, ಹುಟ್ಟಿಯೇ ಇರಲಿಲ್ಲವೋ.

ಸ್ಟಿಕ್ಕರ್ ಬಗ್ಗೆ ಒಂದು ಮಾತು. ಶಾಫ್ಟ್ ಎಷ್ಟು ಬಾಗುತ್ತದೆ ಎಂದು ಹೇಳುವ ಆರ್ (ರೆಗ್ಯುಲರ್), ಎಸ್ (ಸ್ಟಿಫ್) ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಎಲ್ ಸೈಜ್ ಅಂಗಿ ಇನ್ನೊಂದು ಕಂಪನಿಯಲ್ಲಿ ಬಿಗಿ ಆಗುವ ಹಾಗೆ ಇದೂ. ಅಸಲಿ ಸ್ಟಿಕ್ಕರೇ ಇಷ್ಟು ಸಡಿಲ ಅಂದಮೇಲೆ ನಕಲಿಯದು ಏನು ಹೇಳುವುದು. ನೋಡಬೇಕಾದ್ದು ತೂಕ. ನಿಪ್ಪಾನ್ 950ಜಿಎಚ್ ಥರದ ಹಗುರ ಸ್ಟೀಲ್ ಶಾಫ್ಟ್ ನೂರು ಗ್ರಾಂ ಒಳಗೆ ಇರುತ್ತದೆ, ಗ್ರಾಫೈಟ್ ಅದಕ್ಕೂ ಕಡಿಮೆ. ಭಾರದ ಶಾಫ್ಟ್ ಹಿಡಿದು ಗಟ್ಟಿ ಮ್ಯಾಟ್ ಮೇಲೆ ಬಡಿದದ್ದಕ್ಕೆ ನನ್ನ ಮೊಣಕೈ ಒಳಭಾಗ ನೋಯತೊಡಗಿತು. ಫಿಸಿಯೋ ಹೆಸರು ಹೇಳುವ ಮೊದಲೇ ಗೊತ್ತಿತ್ತು: ಗಾಲ್ಫರ್ಸ್ ಎಲ್ಬೋ.

ಯಂತ್ರ ಎಲ್ಲರಿಗೂ ಸಿಗುವುದಿಲ್ಲ. ಮನೆಯ ಅಡುಗೆ ತಕ್ಕಡಿ ಸಾಕು, ಡಿಜಿಟಲ್ ಇದ್ದರೆ. ಐರನ್‌ಗಳಲ್ಲಿ ಉದ್ದ ಅರ್ಧ ಇಂಚು ಕಡಿಮೆಯಾದ ಹಾಗೆ ತಲೆಯ ಭಾರ ಸುಮಾರು ಏಳು ಗ್ರಾಂ ಏರುತ್ತದೆ. ಹಾಗಾಗಿ ಇಡೀ ಕ್ಲಬ್ ತೂಗಿದರೆ ಐದರಿಂದ ಒಂಬತ್ತರವರೆಗೆ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಬೇಕು. ನಡುವೆ ಒಂದು ಕೆಳಗೆ ಬಿದ್ದರೆ ಅಥವಾ ದಿಢೀರ್ ಜಿಗಿದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ನನ್ನ ಸೆಟ್‌ನಲ್ಲಿ ಆರು ನಂಬರ್ ಏಳಕ್ಕಿಂತ ಭಾರ ಇತ್ತು. ಹೆಂಡತಿ ಮೈದಾ ತೂಗುವ ತಕ್ಕಡಿ ಅದು, ಇದಕ್ಕೂ ಆಗುತ್ತದೆ ಎಂದು ಗೊತ್ತಾದ ಮೇಲೆ ಗೆಳೆಯರೆಲ್ಲ ಬ್ಯಾಗ್ ಹೊತ್ತು ಮನೆಗೆ ಬಂದರು. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಎಲ್ಲ ಕ್ಲಬ್‌ಗಳ ತಳ ನೆಲಕ್ಕೆ ತಾಗಿಸಿ ಗೋಡೆಗೆ ಸಾಲಾಗಿ ಒರಗಿಸಿ. ಗ್ರಿಪ್ ತುದಿಗಳು ಸಮನಾಗಿ ಇಳಿಯಬೇಕು. ಸ್ಟೀಲ್ ಶಾಫ್ಟ್ ಮೇಲೆ ಉಂಗುರದಂಥ ಮೆಟ್ಟಿಲುಗಳಿದ್ದರೆ ಅವುಗಳ ಸಾಲೂ ನೋಡಿ, ಒಂದೇ ಥರ ಇರಬೇಕು. ತಲೆ ಶಾಫ್ಟ್‌ಗೆ ಸೇರುವ ಕಡೆಯ ಕಪ್ಪು ಪ್ಲಾಸ್ಟಿಕ್ ಬಳೆ ಎಲ್ಲದರಲ್ಲೂ ಒಂದೇ ಅಳತೆಯದೇ ಅನ್ನುವುದನ್ನೂ. ಇಷ್ಟಕ್ಕೆ ಅಂಗಡಿಯವರು 'ಟೈಮ್ ಇಲ್ಲ ಸರ್' ಅಂದರೆ ನಮಗೂ ಟೈಮ್ ಇಲ್ಲ ಎಂದು ಎದ್ದು ಬನ್ನಿ.

ವಾಪಸ್ ಕೊಡಲು ಹೋದಾಗ ನಡೆದದ್ದು ನಿರೀಕ್ಷಿಸಿದ್ದೇ. 'ಮಾರಿದ ಮಾಲು ವಾಪಸ್ ಇಲ್ಲ', ಬಿಲ್ ಕೆಳಗೆ ಅಚ್ಚು ಹಾಕಿದೆ ನೋಡಿ, ಅಂದರು. ಅಚ್ಚು ಹಾಕಿದರೆ ಕಾನೂನು ಆಗುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಅಳತೆಯ ಚೀಟಿ, ಗ್ರಿಪ್ ಬಿಚ್ಚಿದ ಫೋಟೋ, 'ಸಿಂಗಲ್ ಓನರ್' ಎಂದು ಅವರೇ ಕಳಿಸಿದ ವಾಟ್ಸಾಪ್, ಎಲ್ಲ ಇಟ್ಟುಕೊಂಡಿದ್ದೇನೆ. ಆ ವಾಟ್ಸಾಪ್ ಇಲ್ಲದಿದ್ದರೆ ಕಷ್ಟ ಇತ್ತು. ಬಾಯಲ್ಲಿ ಹೇಳಿದ್ದನ್ನು ಬರೆದು ಕಳಿಸಿ ಎಂದು ಕೇಳಿ, ಬಿಲ್ ಮೇಲೆ ಪ್ರತಿ ಕ್ಲಬ್‌ನ ಲಾಫ್ಟ್, ಶಾಫ್ಟ್‌ನ ಹೆಸರು ಹಾಕಿಸಿ. ದೂರು ದಾಖಲಾದ ಮೇಲೆ ಅರ್ಧ ದುಡ್ಡಿಗೆ ಕ್ರೆಡಿಟ್ ನೋಟ್ ಕೊಡುತ್ತೇವೆ, ಅದರಲ್ಲಿ ಇನ್ನೊಂದು ಸಿಂಗಲ್ ಓನರ್ ಸೆಟ್ ತೆಗೆದುಕೊಳ್ಳಿ ಎಂದರು. ನಗು ಬಂತು.

ಸದ್ಯಕ್ಕೆ ನಾನು ಆಡುತ್ತಿರುವುದು ಧಾರವಾಡದ ಅಟ್ಟದಿಂದ ಇಳಿಸಿದ ಬ್ಲೇಡ್‌ನಲ್ಲೇ. ಗ್ರಿಪ್ ಬದಲಾಯಿಸಿದ್ದಾಯಿತು, ಆರರಿಂದ ವೆಜ್‌ವರೆಗೆ ಹಗುರ ಶಾಫ್ಟ್ ಹಾಕಿಸಿದೆ. ಏಳು ನಂಬರ್ 130ರ ಹತ್ತಿರ ಹೋಗುತ್ತದೆ, ಆದರೆ ಬಿದ್ದ ಕಡೆ ನಿಲ್ಲುತ್ತದೆ. ಹೊಸ ಸೆಟ್ ಕೊಳ್ಳುವುದೇ ಬೇಡ ಅನ್ನುತ್ತಿಲ್ಲ. ಅಗಲ ತಳದ ಐರನ್ ನಮ್ಮ ವಯಸ್ಸಿಗೆ ನಿಜಕ್ಕೂ ಒಳ್ಳೆಯದು, ನಾನೂ ಕೊಳ್ಳುತ್ತೇನೆ. ಆದರೆ ಹುಲ್ಲಿನ ಮೇಲೆ ಹೊಡೆದು, ಏಳು ನಂಬರ್ ಒಂದನ್ನೇ ಅಲ್ಲ, ಒಂಬತ್ತು ಮತ್ತು ಪಿಚಿಂಗ್ ವೆಜ್‌ನ್ನೂ ಹೊಡೆದು ನೋಡಿದ ಮೇಲೆ. ಈ ಸೀಸನ್‌ಗೆ ಸೆಟ್ ಹುಡುಕುತ್ತಿದ್ದರೆ, ಲಾಫ್ಟ್ ಅಳೆಯುವ ರಿಪೇರಿಯವರನ್ನು ಮಳೆಗಾಲದಲ್ಲೇ ಹಿಡಿಯಿರಿ. ನವೆಂಬರ್ ಬಂದರೆ ಅವರು ಫೋನ್ ಎತ್ತುವುದೇ ಕಷ್ಟ.