ಪಾಯಿಂಟ್ ಮತ್ತು ಎಲೆಕ್ಟ್ರಾನಿಕ್ ಕಿಟ್: ಒಂದೇ ಬುಲೆಟ್ ಮೇಲೆ ಎರಡು ಪರೀಕ್ಷೆ

ನನ್ನದು 1998ರ 350 ಸಿಸಿ ಬುಲೆಟ್. ವಾರಕ್ಕೊಮ್ಮೆ ವಿಜಯಪುರದಿಂದ ಜಮಖಂಡಿ ಕಡೆಯ ಹೊಲಕ್ಕೆ ಅದರ ಮೇಲೆಯೇ ಹೋಗಿ ಬರುತ್ತೇನೆ. ಮೂರು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಅದಕ್ಕೊಂದು ವಿಚಿತ್ರ ರೋಗ ಅಂಟಿಕೊಂಡಿತು. ಬೆಳಿಗ್ಗೆ ಎರಡೇ ಕಿಕ್ಕಿಗೆ ಶುರುವಾಗುವ ಗಾಡಿ ಬಬಲೇಶ್ವರ ದಾಟುತ್ತಿದ್ದಂತೆ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತಿತ್ತು. ಬೇವಿನ ಮರದ ನೆರಳಿನಲ್ಲಿ ಅರ್ಧ ತಾಸು ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. "ಕಾರ್ಬೊರೇಟರ್ದಾಗ ಕಚರಾ ಐತ್ರಿ ಸರ" ಎಂದು ಇಬ್ಬರು ಮಿಸ್ತ್ರಿಗಳು ಒಟ್ಟು ಮೂರು ಸಲ ಅದನ್ನು ಬಿಚ್ಚಿ ತೊಳೆದರು. ರೋಗ ಮಾತ್ರ ಅಲ್ಲೇ ಉಳಿಯಿತು.

ನಾಲ್ಕನೆಯ ಸಲ ನಿಂತಾಗ ಸಲಕರಣೆ ಚೀಲವನ್ನು ನಾನೇ ಬಿಚ್ಚಿದೆ. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಏದುಸಿರು ಬಿಡುತ್ತ ನಿಧಾನವಾಗಿ ಸಾಯುತ್ತದೆ, ಚೋಕ್ ಎಳೆದರೆ ಇನ್ನಷ್ಟು ದೂರ ಬರುತ್ತದೆ. ಕರೆಂಟ್ ತಪ್ಪಿ ನಿಲ್ಲುವ ಎಂಜಿನ್ ಮಾತ್ರ ಸ್ವಿಚ್ ಆರಿಸಿದ ಹಾಗೆ ತಟ್ಟನೆ ಕೈಕೊಡುತ್ತದೆ. ನನ್ನದು ಎರಡನೆಯ ಬಗೆಯದೆಂಬ ಅನುಮಾನ ಮೊದಲಿನಿಂದಲೂ ಇತ್ತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಗಾಳಿರಂಧ್ರ ಕಟ್ಟಿರಲಿಲ್ಲ, ಕಾರ್ಬ್ಯುರೇಟರಿನ ತಳದ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ತುಂಬಿತ್ತು. ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದಾಗ ನೀಲಿ ಕಿಡಿಯ ಬದಲು ಕೆಂಪಗಿನ, ನೂಲಿನಂಥ ಕಿಡಿ ಬಂತು. ಪಾಯಿಂಟ್ ಎಂದರೆ ಕರೆಂಟನ್ನು ಸರಿಯಾದ ಗಳಿಗೆಗೆ ಕಡಿದು ಪ್ಲಗ್ಗಿಗೆ ಕಿಡಿ ಕೊಡಿಸುವ ಲೋಹದ ಮೊನೆಗಳ ಜೋಡಿ. ಅದರ ಮುಚ್ಚಳ ತೆಗೆದು ಮತ್ತೆ ಕಿಕ್ ಹೊಡೆದರೆ ಅಲ್ಲಿ, ಎರಡು ಪಾಯಿಂಟುಗಳ ನಡುವೆ, ದೊಡ್ಡ ಕಿಡಿ ಹಾರುತ್ತಿತ್ತು. ಪ್ಲಗ್ಗಿನಲ್ಲಿ ಸಿಡಿಯಬೇಕಾದ ಶಕ್ತಿ ಪಾಯಿಂಟಿನಲ್ಲೇ ಸುಟ್ಟುಹೋಗುತ್ತಿದೆ ಎಂದರೆ ಪಾಯಿಂಟ್ ತೆರೆದಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸತ್ತಿದೆ ಎಂದೇ ಅರ್ಥ. ಸಿಲಿಂಡರ್ ಪಕ್ಕದ ಬಿಸಿಯಲ್ಲಿ ಕೆಟ್ಟು, ತಣ್ಣಗಾದಾಗ ಮತ್ತೆ ಜೀವ ಪಡೆಯುವುದು ಹಳೆಯ ಕಂಡೆನ್ಸರುಗಳ ಸ್ವಭಾವ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು: ಹೊಸ ಪಾಯಿಂಟ್ ಮತ್ತು ಕಂಡೆನ್ಸರ್ ಹಾಕುವುದು, ಇಲ್ಲವೇ ಪಾಯಿಂಟನ್ನೇ ಕಿತ್ತು ಅಯಸ್ಕಾಂತ ಮತ್ತು ಸೆನ್ಸರ್ ಇರುವ ಎಲೆಕ್ಟ್ರಾನಿಕ್ ಕಿಟ್ ಕೂರಿಸುವುದು. ಒಂದೊಂದನ್ನೂ ಒಂದೊಂದು ವರ್ಷ ಬಳಸಿದ್ದೇನೆ.

ಮೊದಲ ವರ್ಷ ಪಾಯಿಂಟಿನದು. ಕಂಡೆನ್ಸರನ್ನು ಮೂಲ ಜಾಗದಲ್ಲಿ ಹಾಕದೆ, ವೈರ್ ಉದ್ದ ಮಾಡಿ, ಎಂಜಿನ್ನಿನ ಬಿಸಿ ತಾಗದಂತೆ ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಪಕ್ಕಕ್ಕೆ ಕಟ್ಟಿದೆ. ಈ ಒಂದು ಬದಲಾವಣೆಯಿಂದಲೇ ಏಪ್ರಿಲ್‌ನ ಮಟಮಟ ಮಧ್ಯಾಹ್ನದಲ್ಲೂ ಗಾಡಿ ಚಿಕ್ಕಪಡಸಲಗಿಯ ಸೇತುವೆಯನ್ನು ನಿಲ್ಲದೆ ದಾಟತೊಡಗಿತು. ಆದರೆ ಪಾಯಿಂಟ್ ಆಗಾಗ ಆರೈಕೆ ಬೇಡುತ್ತದೆ. ಅದರ ಅಂತರ 0.35ರಿಂದ 0.40 ಮಿಲಿಮೀಟರ್ ಒಳಗಿರಬೇಕು. ತಿರುಗುತ್ತ ಪಾಯಿಂಟ್ ತೆರೆಯುವ ಕ್ಯಾಮ್ ಮೇಲೆ ಉಜ್ಜುವ ಅದರ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬಿದ್ದು, ಗಾಡಿ ಏರಿನಲ್ಲಿ ಮಂಕಾಗುತ್ತದೆ. ಎರಡು ಸಾವಿರ ಕಿಲೋಮೀಟರಿಗೊಮ್ಮೆ ಅಂತರ ಅಳೆಯುವ ಫೀಲರ್ ಗೇಜ್ ಹಿಡಿದು ಕೂರುವುದು, ಕ್ಯಾಮಿಗೆ ಒಂದು ಚೂರು ಗ್ರೀಸ್ ಸವರುವುದು ತಪ್ಪಲಿಲ್ಲ. ಮಳೆಗಾಲದಲ್ಲಿ ಖಾನಾಪುರಕ್ಕೆ ಹೋದಾಗ ಪಾಯಿಂಟಿಗೆ ಪಸೆ ಹಿಡಿದು ಒಮ್ಮೆ ಬಂದ್ ಬಿತ್ತು, ಕರವಸ್ತ್ರದಿಂದ ಒರೆಸಿದ ಮೇಲೆ ಹೊರಟಿತು.

ಎರಡನೆಯ ವರ್ಷದ ಕಿಟ್ ಮೊದಲ ದಿನವೇ ಮನಸ್ಸು ಗೆದ್ದಿತೆಂದು ಒಪ್ಪಿಕೊಳ್ಳಬೇಕು. ಸ್ಲೋ ರನ್ನಿಂಗ್ ಗಡಿಯಾರದಷ್ಟು ಸಮವಾಯಿತು, ಬಿಸಿ ಎಂಜಿನ್ ಒಂದೇ ಕಿಕ್ಕಿಗೆ ಹತ್ತಿತು, ಉಜ್ಜುವ ಭಾಗವಿಲ್ಲದ್ದರಿಂದ ಟೈಮಿಂಗ್ ವರ್ಷವಿಡೀ ಕದಲಲಿಲ್ಲ. ನಾನು ಕಳೆದುಕೊಂಡದ್ದು ಆಂಪಿಯರ್ ಮೀಟರಿನ ಸುಳಿವನ್ನು. ಪಾಯಿಂಟ್ ಇದ್ದಾಗ ಕಿಕ್ಕನ್ನು ನಿಧಾನ ಒತ್ತಿದರೆ ಮುಳ್ಳು ಎಡಕ್ಕೆ ವಾಲಿ, ಪಾಯಿಂಟ್ ತೆರೆದೊಡನೆ ನಡುವಿಗೆ ಮರಳಿ, ಎಲ್ಲಿಂದ ಒದೆಯಬೇಕೆಂದು ತೋರಿಸುತ್ತಿತ್ತು. ಈ ಕಿಟ್‌ನಲ್ಲಿ ಮುಳ್ಳು ಮಿಸುಕಲಿಲ್ಲ. ಬ್ಯಾಟರಿ ಇಳಿದಿದ್ದಾಗ ಪಾಯಿಂಟಿನ ಗಾಡಿ ಹೇಗೋ ಗೊಣಗುತ್ತ ಶುರುವಾದರೆ, ಕಿಟ್ಟಿನ ಗಾಡಿ ಸುತರಾಂ ಒಪ್ಪಲಿಲ್ಲ. ಹನ್ನೊಂದನೆಯ ತಿಂಗಳು, ಯಾವ ಮುನ್ಸೂಚನೆಯೂ ಇಲ್ಲದೆ, ಅದು ನಡುದಾರಿಯಲ್ಲಿ ಸತ್ತಿತು. ಒರೆಸಲು, ಉಜ್ಜಲು, ಬಗ್ಗಿಸಲು ಅದರಲ್ಲಿ ಏನೂ ಇರಲಿಲ್ಲ, ಜಮಖಂಡಿಯ ಅಂಗಡಿಗಳಲ್ಲಿ ಬದಲಿ ಸೆನ್ಸರೂ ಸಿಗಲಿಲ್ಲ. ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಟ್ರ್ಯಾಲಿಯಲ್ಲಿ ಬುಲೆಟ್ ಊರು ಸೇರಿತು.

ಕಾರ್ಬ್ಯುರೇಟರಿನ ಬಗ್ಗೆ ಹೇಳುವುದು ಕಡಿಮೆ. ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ಟಿಗೆ ತಂತಿ ತೂರಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಕುಡಿದು ಪ್ಲಗ್ ಕಪ್ಪಾಗುತ್ತದೆ. ಕ್ಲೀನರ್ ಸ್ಪ್ರೇ ಮತ್ತು ಪಂಕ್ಚರ್ ಅಂಗಡಿಯ ಗಾಳಿ, ಎರಡನ್ನೂ ಬಳಸಿ ನೋಡಿದೆ: ಅಂಟು ಕರಗಿಸಲು ಸ್ಪ್ರೇ ಮೇಲು, ಎರೆಮಣ್ಣಿನ ಧೂಳಿಗೆ ಗಾಳಿಯೇ ಸಾಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದ್ದು ಅದು ನೀರನ್ನು ಹೀರುವುದರಿಂದ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಫ್ಲೋಟ್ ಬಟ್ಟಲನ್ನು ಬರಿದು ಮಾಡಿಡಬೇಕು. (ನಾವು ಕಾರ್ಖಾನೆಗೆ ಕಳಿಸಿದ ಕಬ್ಬೇ ಹೀಗೆ ನಮ್ಮ ಜೆಟ್ಟಿಗೆ ಮರಳುತ್ತದೆ.) ಕರೆಂಟ್ ಸರಿಯಾದ ಮೇಲೆ ನನ್ನ ಕಾರ್ಬ್ಯುರೇಟರಿಗೆ ಬೇಕಾಗಿದ್ದುದು ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂವನ್ನು ಪೂರ್ತಿ ಬಿಗಿಸಿ, ಒಂದೂವರೆ ಸುತ್ತು ಬಿಚ್ಚಿ, ಎಂಜಿನ್ ಚುರುಕಾಗಿ ಓಡುವಲ್ಲಿ ನಿಲ್ಲಿಸುವುದಷ್ಟೇ.

ಊರೊಳಗೇ ಓಡಾಡುವವರಿಗೆ, ಬ್ಯಾಟರಿಯನ್ನು ಚೆನ್ನಾಗಿ ನೋಡಿಕೊಳ್ಳುವವರಿಗೆ ನಾನು ಕಿಟ್ಟನ್ನೇ ಹೇಳುತ್ತೇನೆ. ವಿಜಯಪುರದ ಪೇಟೆ ಬಿಟ್ಟು ಹೋಗದ ನನ್ನ ತಮ್ಮನ ಬುಲೆಟ್‌ಗೂ ಅದನ್ನೇ ಹಾಕಿಸಿದ್ದೇನೆ. ನನ್ನ ಗಾಡಿಗೆ ಮಾತ್ರ ಪಾಯಿಂಟ್ ಮರಳಿದೆ. ಪಕ್ಕದ ಸಲಕರಣೆ ಡಬ್ಬಿಯಲ್ಲಿ ಒಂದು ಕಂಡೆನ್ಸರ್, ಫೀಲರ್ ಗೇಜ್, ಬೆರಳಗಲದ ಪಾಲಿಶ್ ಪೇಪರ್ ಇವೆ. ಕಳೆದ ವಾರ ಸೇತುವೆಯ ಆಚೆ ಮಿಸ್ಸಿಂಗ್ ಶುರುವಾದಾಗ ಅಂತರ ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು.