ಊರ ಕ್ರಿಕೆಟ್ ಟೂರ್ನಿ: ಬರೀ ಅಂಪೈರೋ, ಫೋನೋ, ಎಐ ಆ್ಯಪೋ?

ಮಂಡ್ಯದ ಕಡೆ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಜಗಳ ಬರೋದು ಹೆಚ್ಚಾಗಿ ರನೌಟ್‌ಗೆ. ತೀರ್ಪಿಗೆ ದಾರಿ ಮೂರು: ಬರೀ ಅಂಪೈರ್, ಫೋನಿನಲ್ಲಿ ವಿಡಿಯೊ ತೆಗೆದು ಮತ್ತೆ ನೋಡೋದು, ಇಲ್ಲವೇ ಎಐ ಆ್ಯಪ್.

ಖರ್ಚಿನಲ್ಲಿ ಅಂಪೈರೇ ಅಗ್ಗ, ಆಟವೂ ನಿಲ್ಲಲ್ಲ. ಆದರೆ ಸ್ಟಂಪ್, ಬ್ಯಾಟ್, ಗೆರೆ ಮೂರನ್ನೂ ಒಂದೇ ಕ್ಷಣ ನೋಡೋದು ಕಷ್ಟ.

ಫೋನಿಗೆ ಬೇಕಾದ್ದು ಟ್ರೈಪಾಡ್, ಪವರ್ ಬ್ಯಾಂಕ್. ಕ್ಯಾಮೆರಾ ಪಾಪಿಂಗ್ ಕ್ರೀಸಿನ (ಓಡುವವನು ದಾಟಬೇಕಾದ ಗೆರೆ) ನೇರಕ್ಕೇ ಇರಲಿ. ಪಕ್ಕಕ್ಕೆ ಸರಿದರೆ ಹೊರಗಿರುವ ಬ್ಯಾಟ್ ಒಳಗಿರುವಂತೆ ಕಾಣಬಹುದು. ಸೆಕೆಂಡಿಗೆ 30 ಫ್ರೇಮ್ (ವಿಡಿಯೊದ ಒಂದೊಂದು ಚಿತ್ರ) ಸಾಲದು: ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುವವನು ಎರಡು ಫ್ರೇಮ್ ನಡುವೆ 20 ಸೆಂ.ಮೀ. ದಾಟಿರುತ್ತಾನೆ. 240ರಲ್ಲಿ ಅದು 2.5 ಸೆಂ.ಮೀ. ಸುಣ್ಣದ ಗೆರೆ ಅಳಿಸಿಹೋಗಿದ್ದರೆ ಯಾವ ಫ್ರೇಮೂ ಕಾಪಾಡಲ್ಲ! ಹೊನಲು ಬೆಳಕಿನ ಪಂದ್ಯದಲ್ಲಿ 240ರ ಚಿತ್ರ ಮಂಕಾಗುತ್ತೆ, ಮಿಣುಕುತ್ತೆ. ಹಿಂದಿನ ದಿನವೇ ಪರೀಕ್ಷಿಸಿ.

ಎಐ ಆ್ಯಪ್ ಚೆಂಡಿನ ದಾರಿ ಎಳೆದು ತೋರಿಸುತ್ತೆ, ನೋಡೋಕೆ ಚೆಂದ. ಆದರೆ ಒಂದೇ ಫೋನಿನ ಕಣ್ಣಿಗೆ ಆಳ, ಅಂದರೆ ಚೆಂಡು ಎಷ್ಟು ದೂರದಲ್ಲಿದೆ ಅನ್ನೋದು, ಬರೀ ಅಂದಾಜು. ಟಿವಿಯಲ್ಲಿ ಚೆಂಡಿನ ದಾರಿ ತೋರಿಸುವ ಹಾಕ್-ಐ ಹಲವು ಕ್ಯಾಮೆರಾ ಜೋಡಿಸಿ ಲೆಕ್ಕ ಹಾಕುತ್ತೆ. ಎಲ್‌ಬಿ (ಚೆಂಡು ಕಾಲಿಗೆ ಬಡಿದು ಔಟ್) ಇಲ್ಲದ ಟೂರ್ನಿಗೆ ಆ್ಯಪ್‌ನ ಗೊಡವೆಯೇ ಬೇಡ.

ದಿನಕ್ಕೆ ಎಂಟು ಪಂದ್ಯ ಮುಗಿಸಬೇಕಿದ್ದರೆ ಲೀಗ್‌ಗೆ ಅಂಪೈರ್ ಸಾಕು. ಬಹುಮಾನ ದೊಡ್ಡದಿದ್ದರೆ ಸೆಮಿಫೈನಲ್‌ನಿಂದ ಫೋನ್ ಇಡಿ, ತಂಡಕ್ಕೆ ಒಂದೇ ರಿವ್ಯೂ. ಮೈಸೂರಿನ ಅಕಾಡೆಮಿ ಹುಡುಗರ ನೆಟ್ಸ್ ಅಭ್ಯಾಸಕ್ಕೆ ಆ್ಯಪ್ ಒಳ್ಳೆಯದು; ಅಲ್ಲಿ ಔಟ್ ಕೊಟ್ಟರೂ ಯಾರೂ ಜಗಳಕ್ಕೆ ಬರಲ್ಲ.