ಮನಸ್ಸಿನ ನೆಮ್ಮದಿಗೆಂದು ಮಾರುವ ಪ್ರೊಬಯಾಟಿಕ್: ಒಂದು ತಿಂಗಳು ನುಂಗಿದ ಮೇಲೆ

ಅಡಿಕೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರು ಸಿಗದೆ ನಿದ್ದೆಗೆಟ್ಟು, ಜೊತೆಗೆ ಹೊಟ್ಟೆಯುಬ್ಬರವೂ ಕಾಡತೊಡಗಿದಾಗ, ಶಿರಸಿಯ ಔಷಧದಂಗಡಿಯೊಂದರಲ್ಲಿ 640 ರೂಪಾಯಿ ಕೊಟ್ಟು ಮೂವತ್ತು ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳ ಡಬ್ಬಿಯೊಂದನ್ನು ತಂದೆ. ಕರುಳಿಗೂ ಮನಸ್ಸಿಗೂ ನೆಮ್ಮದಿ ಎಂಬುದು ಡಬ್ಬಿಯ ಮೇಲಿನ ಭರವಸೆ. ಒಂದೊಂದು ಕ್ಯಾಪ್ಸೂಲಿನಲ್ಲಿ ಸಾವಿರ ಕೋಟಿ ಜೀವಂತ ಬ್ಯಾಕ್ಟೀರಿಯಾಗಳಿವೆ ಎಂಬುದು ಅದರ ಲೆಕ್ಕ.

ಈ ಭರವಸೆ ಬುಡವಿಲ್ಲದ್ದಲ್ಲ. ಕರುಳಿನಿಂದ ಮಿದುಳಿಗೆ ವೇಗಸ್ ನರದ ನೇರ ದಾರಿಯಿದೆ; ನಾರಿನಂಶವನ್ನು ಹುಳಿಸಿ ಬ್ಯಾಕ್ಟೀರಿಯಾಗಳು ತಯಾರಿಸುವ ಕೊಬ್ಬಿನಾಮ್ಲಗಳು ರೋಗನಿರೋಧಕ ವ್ಯವಸ್ಥೆಯ ಮೇಲೆಯೂ ಪ್ರಭಾವ ಬೀರುತ್ತವೆ. ಮನಸ್ಥಿತಿಯೊಂದಿಗೆ ತಳುಕು ಹಾಕಲಾಗುವ ಸೆರೊಟೊನಿನ್ ಎಂಬ ರಾಸಾಯನಿಕದಲ್ಲಿ ದೇಹದ ಸುಮಾರು ಶೇ. 90ರಷ್ಟು ಕರುಳಿನಲ್ಲೇ ಹುಟ್ಟುತ್ತದೆ ಎಂಬುದನ್ನು ಡಬ್ಬಿಯೊಳಗಿನ ಚೀಟಿ ದಪ್ಪಕ್ಷರದಲ್ಲಿ ಸಾರುತ್ತದೆಯಾದರೂ, ಆ ಸೆರೊಟೊನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದು ಎಂಬುದನ್ನು ಹೇಳದೆ ಬಿಟ್ಟಿದೆ.

ನನ್ನ ಮುಖ್ಯ ತಕರಾರು ತಳಿಯದು. ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಎಂಬ ಬ್ಯಾಕ್ಟೀರಿಯಾ ಪ್ರಭೇದದ ಹೆಸರು ಡಬ್ಬಿಯ ಮೇಲಿದೆ, ಅದರೊಳಗಿನ ಯಾವ ತಳಿ ಎಂಬುದಿಲ್ಲ. ಇದೇ ಪ್ರಭೇದದ ಜೆಬಿ-1 ಎಂಬ ತಳಿಯನ್ನು ತಿನ್ನಿಸಿದ ಇಲಿಗಳಲ್ಲಿ ಆತಂಕದ ವರ್ತನೆ ಕಡಿಮೆಯಾಯಿತೆಂದೂ, ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲವೆಂದೂ 2011ರಲ್ಲಿ ವರದಿಯಾಗಿತ್ತು. ಆದರೆ ಅದೇ ತಳಿಯನ್ನು ಐರ್ಲೆಂಡಿನ ಕಾರ್ಕ್‌ನಲ್ಲಿ 29 ಮಂದಿ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ, 2017ರ ವರದಿಯಂತೆ, ಅದು ಔಷಧವೇ ಇಲ್ಲದ ಬರೀ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ತಳಿ ಗೊತ್ತಿದ್ದಾಗಲೇ ಹೀಗಾದರೆ, ತಳಿಯ ಹೆಸರನ್ನೇ ಹೇಳದ ಡಬ್ಬಿ ಯಾವ ಅಧ್ಯಯನದ ಬಲದ ಮೇಲೆ ಮನಸ್ಸಿನ ಮಾತಾಡುತ್ತದೆ? ತಳಿಯನ್ನೂ, ಅವಧಿ ಮುಗಿಯುವ ಹೊತ್ತಿಗೆ ಉಳಿದಿರುವ ಜೀವಂತ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನೂ ನಮೂದಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆಯ 2011ರ ಮಾರ್ಗಸೂಚಿ ಹೇಳುತ್ತದೆ. ಇಲ್ಲಿರುವುದು ತಯಾರಿಕೆಯ ದಿನದ ಲೆಕ್ಕ ಮಾತ್ರ. 25 ಡಿಗ್ರಿಗಿಂತ ತಂಪಾದ ಜಾಗದಲ್ಲಿಡಿ ಎಂದು ಬರೆದಿದ್ದಾರೆ. ಶಿರಸಿಯ ಚಳಿಗಾಲದಲ್ಲಿ ಅದು ಹೇಗೋ ನಡೆದೀತು, ಏಪ್ರಿಲಿನ ಕಾರವಾರದಲ್ಲಿ ಫ್ರಿಜ್ ಇಲ್ಲದೆ ಆಗದ ಮಾತು.

ಪರಿಣಾಮದ ವಿಷಯಕ್ಕೆ ಬಂದರೆ, ಎರಡನೆಯ ವಾರದಿಂದ ಹೊಟ್ಟೆಯುಬ್ಬರ ಇಳಿಯಿತು. ನಿದ್ದೆಯೂ ಸುಧಾರಿಸಿತು, ಆದರೆ ಅಷ್ಟರಲ್ಲಿ ಕೊಯ್ಲು ಮುಗಿದಿತ್ತಾದ್ದರಿಂದ ಅದರ ಶ್ರೇಯ ಕ್ಯಾಪ್ಸೂಲಿನದೋ ಕೊನೆಗೌಡರದೋ ಹೇಳಲಾರೆ. ಇದೇ ಅವಧಿಯಲ್ಲಿ ಮನೆಯಲ್ಲಿ ದಿನವೂ ಒಂದೆಲಗದ ತಂಬುಳಿಯೂ ಬಾಳೆದಿಂಡಿನ ಪಲ್ಯವೂ ಇದ್ದವು. ತಂಬುಳಿಗೆ ಬೆರೆಸಿದ ಮಜ್ಜಿಗೆಯನ್ನು ಕುದಿಸುವುದಿಲ್ಲವಾದ್ದರಿಂದ ಅದರ ಬ್ಯಾಕ್ಟೀರಿಯಾಗಳು ಜೀವಂತವಾಗಿಯೇ ಹೊಟ್ಟೆ ಸೇರುತ್ತವೆ. ಅವುಗಳ ತಳಿಯೂ ನಮಗೆ ತಿಳಿಯದು, ನಿಜ. ಆದರೆ ನಮ್ಮ ಮಜ್ಜಿಗೆ ಭರಣಿಯ ಮೇಲೆ ಯಾರೂ ನೆಮ್ಮದಿಯ ಚೀಟಿ ಅಂಟಿಸಿಲ್ಲ.

ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಇದನ್ನು ನಂಬಿ ವೈದ್ಯರು ಕೊಟ್ಟದ್ದನ್ನು ಬಿಡಕೂಡದು. ನಾನು ಐದಕ್ಕೆ ಎರಡು ಅಂಕ ಕೊಡುತ್ತೇನೆ: ಒಂದು ಹೊಟ್ಟೆಯುಬ್ಬರ ಇಳಿದದ್ದಕ್ಕೆ, ಇನ್ನೊಂದು ಗಾಳಿಯಾಡದ ಗಟ್ಟಿ ಡಬ್ಬಿಗೆ. ಅದರಲ್ಲೀಗ ಏಲಕ್ಕಿ ಇಟ್ಟಿದ್ದೇವೆ.